ದೀಪ ಮತ್ತು ಮೇಣಬತ್ತಿ ಸ್ಟ್ಯಾಂಡುಗಳ ಅಗ್ನಿಸುರಕ್ಷತೆ

ದೀಪ ಮತ್ತು ಮೇಣಬತ್ತಿ ಸ್ಟ್ಯಾಂಡುಗಳ ಅಗ್ನಿಸುರಕ್ಷತೆ ಎಂಬುದು ಮನೆಬಳಕೆಗಾಗಿ ಮಾರಾಟವಾಗುವ ಪಣತಿ, ಸಮೆ, ನೀಲಾಂಜನ, ಮೇಣಬತ್ತಿ ಸ್ಟ್ಯಾಂಡು, ಟೀಲೈಟ್ ಬಟ್ಟಲು ಮೊದಲಾದ ಆಧಾರಗಳಿಗೆ ಇರಬೇಕಾದ ಗುಣಗಳನ್ನೂ ಅವುಗಳಿಗೆ ಅನ್ವಯಿಸುವ ನಿಯಮಗಳನ್ನೂ ಕುರಿತ ವಿಷಯವಾಗಿದೆ. ಆಧಾರವು ತಾನೇ ಹೊತ್ತಿಕೊಳ್ಳಬಾರದು, ಸುಲಭವಾಗಿ ಉರುಳಬಾರದು, ಕಾವಿಗೆ ಸೀಳಬಾರದು ಮತ್ತು ತನ್ನ ಕೆಳಗಿರುವ ವಸ್ತುವಿಗೆ ಅಪಾಯಕರವಾದ ಶಾಖವನ್ನು ದಾಟಿಸಬಾರದು ಎಂಬುದು ಇದರ ತಿರುಳು. ಅಮೆರಿಕ ಮತ್ತು ಐರೋಪ್ಯ ಒಕ್ಕೂಟದಲ್ಲಿ ಮೇಣಬತ್ತಿಗಳ ಬೆಂಕಿ ಸುರಕ್ಷತೆಗೆಂದೇ ರಚಿತವಾದ ಮಾನದಂಡಗಳಿವೆ. ಭಾರತದಲ್ಲಿ ಮೇಣಬತ್ತಿ ಸ್ಟ್ಯಾಂಡಿಗೆಂದೇ ಪ್ರತ್ಯೇಕವಾದ ಕಡ್ಡಾಯ ಗುಣಮಟ್ಟದ ಆದೇಶವಿಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತಹ ಸಾಮಾನ್ಯ ಕಾನೂನುಗಳೇ ಅನ್ವಯಿಸುತ್ತವೆ. ಈ ಲೇಖನವು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ದೀಪಬಳಕೆಯನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಹೆಸರುಗಳು ಮತ್ತು ಬಗೆಗಳು

ದಕ್ಷಿಣ ಕರ್ನಾಟಕದಲ್ಲಿ ಹಣತೆ ಎನಿಸಿಕೊಳ್ಳುವ ಮಣ್ಣಿನ ದೀಪವು ಬೆಳಗಾವಿ, ಧಾರವಾಡ ಸೀಮೆಯಲ್ಲಿ ಪಣತಿ. ದೇವರ ಮುಂದೆ ನಿಲ್ಲಿಸುವ ಹಿತ್ತಾಳೆಯ ಅಥವಾ ಬೆಳ್ಳಿಯ ಎತ್ತರದ ದೀಪಕ್ಕೆ ಸಮೆ ಎನ್ನುತ್ತಾರೆ. ಆರತಿಯ ತಟ್ಟೆಯಲ್ಲಿಡುವ ತುಪ್ಪದ ಪುಟ್ಟ ದೀಪ ನೀಲಾಂಜನ. ಗಾಜಿನ ಬುರುಡೆಯುಳ್ಳ, ಕೈಯಲ್ಲಿ ಹಿಡಿದೊಯ್ಯುವ ದೀಪ ಕಂದೀಲು. ಶೀಸೆ ಅಥವಾ ತಗಡಿನ ಡಬ್ಬಿಗೆ ಬತ್ತಿ ತೂರಿಸಿ ಸೀಮೆಎಣ್ಣೆಯಿಂದ ಉರಿಸುವ ದೀಪ ಚಿಮಣಿ. ಈ ಭಾಗದ ಹಳ್ಳಿಗಳಲ್ಲಿ ಸೀಮೆಎಣ್ಣೆಗೆ ಚಿಮಣಿ ಎಣ್ಣೆ ಎಂಬ ಹೆಸರೇ ನಿಂತುಬಿಟ್ಟಿದೆ. ಇವುಗಳ ಸಾಲಿಗೆ ಕಳೆದ ಕೆಲವು ದಶಕಗಳಲ್ಲಿ ಮೇಣಬತ್ತಿಯ ಅಲಂಕಾರಿಕ ಸ್ಟ್ಯಾಂಡು, ಅಲ್ಯೂಮಿನಿಯಂ ಬಟ್ಟಲಿನ ಟೀಲೈಟ್, ಮೇಣ ತುಂಬಿದ ಬಣ್ಣದ ಪಣತಿ, ನೀರಿನಲ್ಲಿ ತೇಲುವ ಮೇಣಬತ್ತಿ ಮುಂತಾದವು ಸೇರಿವೆ.

ಹಳೆಯ ಆಧಾರಗಳಲ್ಲಿ ಹೆಚ್ಚಿನವು ಮಣ್ಣು, ಕಲ್ಲು ಅಥವಾ ಲೋಹದವು. ಇವು ಯಾವುವೂ ಉರಿಯುವ ವಸ್ತುಗಳಲ್ಲ. ಹೊಸ ಮಾರುಕಟ್ಟೆಯ ಆಧಾರಗಳಲ್ಲಿ ಕಟ್ಟಿಗೆ, ಎಂಡಿಎಫ್ ಹಲಗೆ, ರೆಸಿನ್, ಅಕ್ರಿಲಿಕ್, ತೆಂಗಿನ ಚಿಪ್ಪು, ಬಿದಿರು, ಕಾಗದ ಎಲ್ಲವೂ ಇವೆ. ಅಗ್ನಿಸುರಕ್ಷತೆಯ ಚರ್ಚೆ ಇಂದು ಅಗತ್ಯವಾಗಿರುವುದು ಮುಖ್ಯವಾಗಿ ಈ ಬದಲಾವಣೆಯಿಂದಲೇ. ಬರಿಯ ಮಣ್ಣಿನ ಪಣತಿಗೆ ಯಾವ ಪ್ರಯೋಗಾಲಯದ ಪ್ರಮಾಣಪತ್ರವೂ ಬೇಕಿರಲಿಲ್ಲ.

ಜ್ವಾಲೆಯ ಸ್ವಭಾವ

ಮೇಣಬತ್ತಿಯಲ್ಲಿ ಉರಿಯುವುದು ಬತ್ತಿಯಲ್ಲ, ಗಟ್ಟಿ ಮೇಣವೂ ಅಲ್ಲ, ಮೇಣದ ಆವಿ. ಜ್ವಾಲೆಯ ಶಾಖಕ್ಕೆ ಮೇಣ ಕರಗಿ, ಬತ್ತಿಯ ಎಳೆಗಳ ಮೂಲಕ ಮೇಲೇರಿ, ತುದಿಯಲ್ಲಿ ಆವಿಯಾಗಿ ಉರಿಯುತ್ತದೆ. ಈ ಕ್ರಿಯೆಯನ್ನು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ 1860–61ರ ಕ್ರಿಸ್‌ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ನೀಡಿದ ಉಪನ್ಯಾಸಮಾಲೆಯಲ್ಲಿ ವಿವರಿಸಿದ್ದನು. ಎಣ್ಣೆಯ ದೀಪದಲ್ಲಿಯೂ ನಡೆಯುವುದು ಇದೇ.

ಆದ್ದರಿಂದ ಇಂಧನವು ಎಷ್ಟು ಸುಲಭವಾಗಿ ಆವಿಯಾಗುತ್ತದೆ ಎಂಬುದರ ಮೇಲೆ ಅಪಾಯದ ಪ್ರಮಾಣ ನಿಂತಿದೆ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಹೊರಡುವ ಉಷ್ಣತೆಗೆ ಜ್ವಲನಬಿಂದು ಎನ್ನುತ್ತಾರೆ. ಅಡುಗೆ ಎಣ್ಣೆಗಳಿಗೆ ಇದು ಸುಮಾರು 300 ಡಿಗ್ರಿ ಸೆಲ್ಸಿಯಸ್. ಪ್ಯಾರಾಫಿನ್ ಮೇಣಕ್ಕೆ ಸುಮಾರು 200 ಡಿಗ್ರಿ. ಸೀಮೆಎಣ್ಣೆಗೆ ಭಾರತೀಯ ಮಾನದಂಡ ನಿಗದಿಪಡಿಸಿರುವ ಕನಿಷ್ಠ ಮಿತಿ 35 ಡಿಗ್ರಿ ಮಾತ್ರ. ಸವದತ್ತಿ, ರಾಮದುರ್ಗದ ಬೇಸಿಗೆಯ ಮಧ್ಯಾಹ್ನಗಳಲ್ಲಿ ನೆರಳಿನ ಉಷ್ಣತೆಯೇ 35 ಡಿಗ್ರಿ ದಾಟುವುದು ಸಾಮಾನ್ಯ. ಎಣ್ಣೆಯ ಪಣತಿ ಉರುಳಿದರೆ ಬಹಳ ಸಲ ಬತ್ತಿ ನಂದಿ ಎಣ್ಣೆ ಚೆಲ್ಲಿ ಅಷ್ಟಕ್ಕೇ ಮುಗಿಯುವುದೂ, ಚಿಮಣಿ ಉರುಳಿದರೆ ಕ್ಷಣದಲ್ಲಿ ಬೆಂಕಿ ಹರಡುವುದೂ ಏಕೆ ಎಂಬುದಕ್ಕೆ ಈ ಅಂಕಿಗಳಲ್ಲಿ ಉತ್ತರವಿದೆ.

ಮೇಣವು ಎಣ್ಣೆಯಷ್ಟೇ ಸಾಧು ಎಂದು ಭಾವಿಸುವುದು ತಪ್ಪು. ಒಂದೇ ಮೇಣಬತ್ತಿ ಉರಿಯುವಾಗ ಕರಗಿದ ಮೇಣದ ಉಷ್ಣತೆ ಜ್ವಲನಬಿಂದುವಿಗಿಂತ ಬಹಳ ಕೆಳಗಿರುತ್ತದೆ. ಹತ್ತಾರು ಟೀಲೈಟ್‌ಗಳನ್ನು ಒತ್ತೊತ್ತಾಗಿ ಒಂದೇ ತಟ್ಟೆಯಲ್ಲಿಟ್ಟು ಹಚ್ಚಿದರೆ ಅವು ಪರಸ್ಪರ ಕಾಯಿಸಿಕೊಂಡು ಮೇಣದ ಇಡೀ ಮೇಲ್ಮೈ ಒಮ್ಮೆಲೇ ಹೊತ್ತಿಕೊಳ್ಳಬಹುದು. ಬತ್ತಿಯ ಕರಿ ತುಣುಕು ಅಥವಾ ಬೆಂಕಿಕಡ್ಡಿಯ ಚೂರು ಮೇಣದೊಳಗೆ ಬಿದ್ದರೆ ಅದು ಎರಡನೆಯ ಬತ್ತಿಯಾಗಿ ಕೆಲಸ ಮಾಡುತ್ತದೆ.

ಆಧಾರ ಎಡವುವ ಬಗೆಗಳು

ಆಧಾರದ ಮೊದಲ ದೋಷ ಅಸ್ಥಿರತೆ. ಅಗಲ ಕಡಿಮೆಯಾಗಿ ಎತ್ತರ ಹೆಚ್ಚಾದಷ್ಟೂ ಉರುಳುವ ಸಂಭವ ಹೆಚ್ಚು. ಸಾಂಪ್ರದಾಯಿಕ ಸಮೆಯ ಬುಡ ಅಗಲವಾಗಿಯೂ ಭಾರವಾಗಿಯೂ ಇರುವುದು ಅಂದಕ್ಕಾಗಿ ಮಾತ್ರವಲ್ಲ. ಅದೇ ಸಮೆಯ ಆಕಾರವನ್ನು ತೆಳು ತಗಡಿನಲ್ಲಿ ಒತ್ತಿ, ಒಳಗೆ ಟೊಳ್ಳಾಗಿಸಿ ಮಾರಿದಾಗ ನೋಟಕ್ಕೆ ಸಮೆ ಉಳಿಯುತ್ತದೆ, ತೂಕ ಉಳಿಯುವುದಿಲ್ಲ. ಮೇಣಬತ್ತಿ ಸ್ಟ್ಯಾಂಡಿನಲ್ಲಿ ಇನ್ನೊಂದು ತೊಡಕಿದೆ: ಬತ್ತಿಯ ಗಾತ್ರಕ್ಕೂ ಕುಳಿಯ ಗಾತ್ರಕ್ಕೂ ಹೊಂದಿಕೆಯಾಗದಿದ್ದರೆ ಮೇಣಬತ್ತಿ ವಾಲುತ್ತದೆ. ಆಗ ಕಾಗದ ಸುತ್ತಿ ಬಿಗಿ ಮಾಡುವ ರೂಢಿಯುಂಟು. ಮೇಣಬತ್ತಿ ಕುಳಿಯವರೆಗೆ ಉರಿದು ಬಂದಾಗ ಆ ಕಾಗದವೇ ಮೊದಲು ಹೊತ್ತುತ್ತದೆ.

ಎರಡನೆಯದು ಆಧಾರವೇ ಉರಿಯುವುದು. ಕಟ್ಟಿಗೆಯ ಅಥವಾ ಎಂಡಿಎಫ್ ಹಲಗೆಯ ಸ್ಟ್ಯಾಂಡಿನಲ್ಲಿ ಲೋಹದ ಬಟ್ಟಲು ಇಲ್ಲದಿದ್ದರೆ ಬತ್ತಿ ತಳ ಮುಟ್ಟಿದ ಕೂಡಲೇ ಹಲಗೆ ಕರಕಾಗತೊಡಗುತ್ತದೆ. ಇದಕ್ಕಿಂತ ಮೋಸದ್ದು ಬಣ್ಣ ಮತ್ತು ಅಂಟು. ಮಣ್ಣಿನ ಪಣತಿಗೆ ಎಣ್ಣೆಬಣ್ಣ, ವಾರ್ನಿಷು, ಮಿರುಗುಪುಡಿ, ಮಣಿ, ಕನ್ನಡಿ ಚೂರುಗಳನ್ನು ಅಂಟಿಸಿ ಮಾರುವುದು ದೀಪಾವಳಿಯ ಹೊತ್ತಿನ ಸಾಮಾನ್ಯ ವ್ಯಾಪಾರ. ಒಳಗಿನ ಮಣ್ಣು ಉರಿಯದು. ಅಂಚಿನ ಬಣ್ಣ ಉರಿಯುತ್ತದೆ. ಬತ್ತಿಯ ತುದಿ ಪಣತಿಯ ಮೂತಿಯ ಮೇಲೆಯೇ ಒರಗಿರುವುದರಿಂದ ಜ್ವಾಲೆ ನೇರವಾಗಿ ಲೇಪನವನ್ನು ಮುಟ್ಟುತ್ತದೆ. ಅಲಂಕಾರ ಹೊರಮೈಗೆ ಮಾತ್ರ ಸೀಮಿತವಾಗಿದ್ದು, ಒಳಮೈ ಮತ್ತು ಮೂತಿ ಬರಿಮಣ್ಣಾಗಿ ಉಳಿದಿದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಮೂರನೆಯದು ಗಾಜು ಸೀಳುವುದು. ಚಹಾದ ಗಾಜಿನ ಲೋಟದಲ್ಲಿ ಮೇಣಬತ್ತಿ ನಿಲ್ಲಿಸುವುದು ಅನೇಕ ಮನೆಗಳಲ್ಲಿದೆ. ಒಂದು ಪಕ್ಕ ಕಾದು ಇನ್ನೊಂದು ಪಕ್ಕ ತಣ್ಣಗಿದ್ದಾಗ ಸಾಮಾನ್ಯ ಗಾಜು ಆ ಸೆಳೆತವನ್ನು ತಾಳುವುದಿಲ್ಲ. ಒಳಗಿನ ದ್ರವ ಮೇಣ ಮೇಜಿನ ಮೇಲೆ ಹರಡುತ್ತದೆ. ಮೇಣಬತ್ತಿಗೆಂದು ತಯಾರಿಸುವ ಗಾಜನ್ನು ನಿಧಾನವಾಗಿ ಆರಿಸಿ ಒಳಸೆಳೆತ ಕಳೆಯಲಾಗಿರುತ್ತದೆ. ಎರಡಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ.

ಶಾಖ ಕೆಳಗಿಳಿಯುವುದು ನಾಲ್ಕನೆಯ ದೋಷ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಉರಿಯವು, ಆದರೆ ಶಾಖವನ್ನು ಚೆನ್ನಾಗಿ ದಾಟಿಸುತ್ತವೆ. ಕಾಲಿಲ್ಲದ ತೆಳು ಟೀಲೈಟ್ ಬಟ್ಟಲನ್ನು ಪ್ಲಾಸ್ಟಿಕ್ ಹಾಸಿನ ಮೇಲೆ ಅಥವಾ ಟಿ.ವಿ. ಪೆಟ್ಟಿಗೆಯ ಮೇಲೆ ಇಟ್ಟರೆ ಕೆಳಗಿನ ವಸ್ತು ಕರಗಬಹುದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ

ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ದೀಪದ ಸ್ಥಾನ ಗೋಡೆಯ ಮಾಡ. ದಪ್ಪ ಮಣ್ಣಿನ ಅಥವಾ ಕಲ್ಲಿನ ಗೋಡೆಯಲ್ಲಿ ಕೊರೆದ ಈ ಗೂಡು ಮೂರು ಪಕ್ಕ ಗಾಳಿಯನ್ನು ತಡೆಯುತ್ತದೆ, ಮಕ್ಕಳ ಕೈಗೆ ನಿಲುಕುವುದಿಲ್ಲ, ದೀಪ ಉರುಳಿದರೂ ಎಣ್ಣೆ ಮಾಡದೊಳಗೇ ನಿಲ್ಲುತ್ತದೆ. ತಲೆಮಾರುಗಳ ಮಸಿಯಿಂದ ಕಪ್ಪಾದ ಮಾಡಗಳು ಹಳ್ಳಿಗಳಲ್ಲಿ ಈಗಲೂ ಕಾಣಸಿಗುತ್ತವೆ. ಆಧುನಿಕ ಮಾನದಂಡಗಳು ಆಧಾರದಿಂದ ಬಯಸುವ ಗುಣಗಳಲ್ಲಿ ಬಹುಪಾಲನ್ನು ಈ ಮಾಡವು ಒದಗಿಸುತ್ತಿತ್ತು ಎನ್ನಬಹುದು. ಹೊಸ ಸಿಮೆಂಟು ಮನೆಗಳಲ್ಲಿ ಮಾಡವಿಲ್ಲ. ದೀಪವು ಕಟ್ಟಿಗೆಯ ದೇವರ ಮಂಟಪಕ್ಕೆ ಅಥವಾ ಗೋಡೆಗೆ ಹೊಡೆದ ಪ್ಲೈವುಡ್ ಹಲಗೆಗೆ ಸ್ಥಳಾಂತರಗೊಂಡಿದೆ. ಮಂಟಪದ ಮೇಲ್ಭಾಗ ಜ್ವಾಲೆಗೆ ಒಂದು ಗೇಣಿಗಿಂತ ಹತ್ತಿರವಿರುವುದೂ ಉಂಟು.

ದೀಪದ ಸುತ್ತ ಏನಿದೆ ಎಂಬುದೂ ಇಲ್ಲಿ ಮುಖ್ಯ. ಬೈಲಹೊಂಗಲ ಮತ್ತು ಸವದತ್ತಿ ಹತ್ತಿ ಬೆಳೆಯುವ ಕಪ್ಪುಮಣ್ಣಿನ ಸೀಮೆ. ಬೆಲೆ ಏರುವವರೆಗೆ ಬಿಡಿಸಿದ ಹತ್ತಿಯನ್ನು ಮನೆಯ ಪಡಸಾಲೆಯಲ್ಲಿಯೇ ರಾಶಿ ಹಾಕುವ ರೈತರಿದ್ದಾರೆ. ಹತ್ತಿ ಹೊತ್ತಿಕೊಳ್ಳಲು ಸುಮಾರು 400 ಡಿಗ್ರಿ ಶಾಖ ಬೇಕು. ದೀಪದ ಜ್ವಾಲೆ ಅದಕ್ಕಿಂತ ಬಹಳ ಬಿಸಿ. ಸಡಿಲ ಅರಳೆಯ ಎಳೆಗಳ ನಡುವೆ ಗಾಳಿ ತುಂಬಿರುವುದರಿಂದ ಮೇಲ್ಮೈಯಲ್ಲಿ ಬೆಂಕಿ ಬಹು ಬೇಗ ಓಡುತ್ತದೆ. ಒತ್ತಿದ ಅಂಡಿಗೆಯಲ್ಲಾದರೆ ಹೊರಗೆ ಆರಿದಂತೆ ಕಂಡು ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡುತ್ತದೆ. ಹಿತ್ತಿಲಿನಲ್ಲಿ ಜೋಳದ ಕಣಿಕೆಯ ಬಣವೆ, ಕೊಟ್ಟಿಗೆಯಲ್ಲಿ ಹೊಟ್ಟು ಇದ್ದೇ ಇರುತ್ತವೆ. ರಾಮದುರ್ಗ ಮತ್ತು ಅದರ ನೆರೆಯ ಸುರೇಬಾನ ನೇಕಾರಿಕೆಯ ಊರುಗಳು. ಮಗ್ಗವಿರುವ ಮನೆಯಲ್ಲಿ ನೂಲಿನ ಲಡಿಗಳೂ, ಹಾಸಿನ ಎಳೆಗಳೂ, ನೆಲದ ಮೇಲೆ ನೂಲಿನ ತುಪ್ಪುಳವೂ ಇರುತ್ತವೆ. ಕರೆಂಟ್ ಹೋದಾಗ ಮಗ್ಗದ ಚೌಕಟ್ಟಿನ ಮೇಲೆ ಮೇಣಬತ್ತಿಯನ್ನು ಅದರದೇ ಮೇಣದಿಂದ ಅಂಟಿಸಿ ನಿಲ್ಲಿಸುವುದು ಆಧಾರವೇ ಇಲ್ಲದ ದೀಪಕ್ಕೆ ಸಮ.

ಹಬ್ಬಗಳ ಪೈಕಿ ನವರಾತ್ರಿಯ ಘಟಸ್ಥಾಪನೆ ವಿಶೇಷ ಗಮನಕ್ಕೆ ಅರ್ಹವಾದುದು. ಘಟದ ಬಳಿಯ ನಂದಾದೀಪವು ಒಂಬತ್ತು ದಿನ ಆರಬಾರದೆಂಬ ನೇಮವಿರುವುದರಿಂದ ಮನೆಮಂದಿ ನಿದ್ರಿಸುವಾಗಲೂ ಅದು ಉರಿಯುತ್ತದೆ. ದಿನಕ್ಕೊಂದರಂತೆ ಹೂಮಾಲೆಯನ್ನು ಘಟದ ಮೇಲೆ ಇಳಿಬಿಡುವ ಪದ್ಧತಿಯುಳ್ಳ ಮನೆಗಳಲ್ಲಿ ಮೊದಲ ದಿನದ ಮಾಲೆ ಹಬ್ಬ ಮುಗಿಯುವ ಹೊತ್ತಿಗೆ ಒಣಗಿ ತರಗಾಗಿರುತ್ತದೆ. ಹಸಿ ಹೂವಿಗೆ ಹತ್ತದ ಬೆಂಕಿ ಒಣ ಹೂವಿಗೆ ಹತ್ತುತ್ತದೆ. ದೀಪವನ್ನು ಮಾಲೆಗಳ ನೇರ ಕೆಳಗಿನಿಂದ ಒಂದು ಮೊಳ ಪಕ್ಕಕ್ಕೆ ಸರಿಸುವುದರಿಂದ ಹಾಗೂ ಅಗಲವಾದ ತಟ್ಟೆಯಲ್ಲಿ ಮರಳು ಹರಡಿ ಅದರ ನಡುವೆ ಇಡುವುದರಿಂದ ನೇಮಕ್ಕೆ ಯಾವ ಭಂಗವೂ ಬಾರದು. ಗಾಳಿಗೆ ಆರದಿರಲೆಂದು ಗಾಜಿನ ಕವಚ ಹಾಕುವವರು ಮೇಲೆ ಬಾಯಿ ತೆರೆದಿರುವ ಕವಚವನ್ನೇ ಆರಿಸಬೇಕು.

ಕಾರ್ತಿಕ ಮಾಸದ ಗೌರಿ ಹುಣ್ಣಿಮೆಯಂದು ಹೆಣ್ಣುಮಕ್ಕಳು ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪವಿಟ್ಟು ಗೌರಿಗೆ ಬೆಳಗಲು ಹೋಗುವುದು ಉತ್ತರ ಕರ್ನಾಟಕದ ಚೆಲುವಾದ ಸಂಪ್ರದಾಯ. ಇದನ್ನು ಸಕ್ಕರೆ ಆರತಿ ಎನ್ನುತ್ತಾರೆ. ಇಲ್ಲಿ ದೀಪದ ಆಧಾರವು ಚಲಿಸುವ ತಟ್ಟೆ. ಅದನ್ನು ಹಿಡಿದವಳು ಹಬ್ಬದ ಸೀರೆ ಅಥವಾ ಲಂಗ ಉಟ್ಟ ಬಾಲಕಿ. ನೈಲಾನ್, ಪಾಲಿಯೆಸ್ಟರ್‌ನಂತಹ ಬಟ್ಟೆ ಕಾವಿಗೆ ಕರಗಿ ಮೈಗೆ ಅಂಟುತ್ತದೆ. ತೆಳು ಹತ್ತಿಬಟ್ಟೆ ಬೇಗ ಹೊತ್ತುತ್ತದೆ. ಅಪ್ಪಟ ರೇಷ್ಮೆ ಹೋಲಿಕೆಯಲ್ಲಿ ನಿಧಾನವಾಗಿ ಉರಿಯುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಳುಹಿಸುವ ಹಿರಿಯರ ಅಭ್ಯಾಸವು ಸುರಕ್ಷತೆಯ ದೃಷ್ಟಿಯಿಂದಲೂ ಸರಿಯಾದುದೇ. ತಟ್ಟೆಯ ದೀಪವು ಸಮತಟ್ಟಾದ ತಳವುಳ್ಳ ನೀಲಾಂಜನವಾಗಿರುವುದು ಲೇಸು. ಉರುಟು ತಳದ ಪಣತಿ ತಟ್ಟೆಯಲ್ಲಿ ಜಾರುತ್ತದೆ.

ಸವದತ್ತಿಯ ಯಲ್ಲಮ್ಮನಗುಡ್ಡಕ್ಕೆ ಭಾರತ ಹುಣ್ಣಿಮೆಯಂತಹ ದಿನಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಾಂತರ ಭಕ್ತರು ಬರುತ್ತಾರೆ. ನವರಾತ್ರಿಯಲ್ಲಿ ದೀಪಕ್ಕೆ ಎಣ್ಣೆ ಹಾಕುವ ಹರಕೆಯವರೂ ಹೆಚ್ಚು. ಜನಸಂದಣಿಯಲ್ಲಿ ಕೈಯಲ್ಲಿ ಹಿಡಿದ ದೀಪ, ಕರ್ಪೂರದ ತಟ್ಟೆ ಮತ್ತು ನೆಲಕ್ಕೆ ಚೆಲ್ಲಿದ ಎಣ್ಣೆ ಇವುಗಳ ಅಪಾಯ ಮನೆಯ ದೀಪಕ್ಕಿಂತ ಬೇರೆ ಬಗೆಯದು. ಕರ್ಪೂರವು ಕರಗುವ ಮೊದಲೇ ಆವಿಯಾಗುವ ವಸ್ತುವಾದ್ದರಿಂದ ಅದರ ಜ್ವಾಲೆ ಗಾತ್ರದಲ್ಲಿ ದೊಡ್ಡದು, ಗಾಳಿಗೆ ಹೊರಳುವಂತಹುದು. ಪ್ರತಿವರ್ಷ ಅಕ್ಟೋಬರ್ 23ರಿಂದ 25ರವರೆಗೆ ನಡೆಯುವ ಕಿತ್ತೂರು ಉತ್ಸವದ ಜ್ಯೋತಿಯಾತ್ರೆಯೂ ಬಯಲಿನ ಜ್ವಾಲೆಗೆ ಒಂದು ನಿದರ್ಶನ. ಹಳೆಯ ದೇವಾಲಯಗಳ ಮುಂದಿನ ಕಲ್ಲಿನ ದೀಪಮಾಲೆ ಕಂಬಗಳು ಇಂತಹ ಸಾಮೂಹಿಕ ದೀಪಗಳನ್ನು ಜನರ ತಲೆಯ ಮಟ್ಟಕ್ಕಿಂತ ಮೇಲೆ, ಕಟ್ಟಡದಿಂದ ದೂರ, ಕಲ್ಲಿನ ಚಾಚುಗಳ ಮೇಲೆ ಇಡುವ ವ್ಯವಸ್ಥೆಯಾಗಿದ್ದವು.

ದೀಪಾವಳಿಯ ಪಣತಿಗಳನ್ನು ಸ್ಥಳೀಯ ಕುಂಬಾರರು ವಾರದ ಸಂತೆಯಲ್ಲಿ ಮಾರುತ್ತಾರೆ. ನೆರೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದ್ದು, ಆ ಭಾಗದ ಮಣ್ಣು ಕುಂಬಾರಿಕೆಗೆ ಹೆಸರಾದುದು. ಚೆನ್ನಾಗಿ ಸುಟ್ಟ ಪಣತಿ ಬೆರಳಿನಿಂದ ತಟ್ಟಿದರೆ ಕಣಕಣ ನಾದ ಕೊಡುತ್ತದೆ. ಅರೆಬೆಂದದ್ದು ಎಣ್ಣೆ ಹೀರಿ ತಳದಲ್ಲಿ ಜಿನುಗುತ್ತದೆ. ಜಿನುಗಿದ ಎಣ್ಣೆಯು ಕೆಳಗಿನ ಬಟ್ಟೆಯನ್ನೋ ಹಲಗೆಯನ್ನೋ ಬತ್ತಿಯಾಗಿ ಮಾರ್ಪಡಿಸುತ್ತದೆ. ಪಣತಿಯನ್ನು ಬಳಸುವ ಮೊದಲು ಕೆಲವು ಗಂಟೆ ನೀರಿನಲ್ಲಿ ನೆನೆಸಿ ಒರೆಸಿಡುವ ರೂಢಿಯು ಎಣ್ಣೆ ಹೀರುವುದನ್ನು ಕಡಿಮೆ ಮಾಡುತ್ತದೆ.

ಚಿಮಣಿ ಮತ್ತು ಸುರಕ್ಷಿತ ವಿನ್ಯಾಸ

ವಿದ್ಯುತ್ತು ಮತ್ತು ಅಡುಗೆ ಅನಿಲ ಹಳ್ಳಿಗಳನ್ನು ತಲುಪಿದ ಮೇಲೆ ಚಿಮಣಿಯ ಬಳಕೆ ಬಹಳ ಇಳಿದಿದೆ. ಆದರೂ ಆಧಾರದ ವಿನ್ಯಾಸ ಒಂದೇ ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಶೀಸೆಯ ಚಿಮಣಿ ಎತ್ತರ, ಹಗುರ, ಉರುಳಿದರೆ ಹೊರಳುತ್ತದೆ, ಬತ್ತಿ ತೂರಿದ ಮುಚ್ಚಳ ಸಡಿಲವಾಗಿ ಕಳಚಿಕೊಳ್ಳುತ್ತದೆ, ನೆಲಕ್ಕೆ ಬಡಿದು ಒಡೆಯುತ್ತದೆ. ಶ್ರೀಲಂಕಾದ ಶಸ್ತ್ರವೈದ್ಯ ವಿಜಯ ಗೊಡಕುಂಬುರ ಅವರು ಸುಟ್ಟಗಾಯದ ರೋಗಿಗಳನ್ನು ನೋಡಿ ನೋಡಿ ಈ ಪ್ರತಿಯೊಂದು ದೋಷಕ್ಕೂ ಒಂದೊಂದು ಪರಿಹಾರವಿರುವ ದೀಪವನ್ನು ರೂಪಿಸಿದರು. ಅದು ಗಿಡ್ಡ, ದಪ್ಪ ಗಾಜಿನದು, ಭಾರವಾದುದು, ಉರುಳಿದರೂ ಹೊರಳದಂತೆ ಎರಡು ಪಕ್ಕ ಚಪ್ಪಟೆ, ಮುಚ್ಚಳ ತಿರುಪಿನದು. ಈ ಕೆಲಸಕ್ಕಾಗಿ ಅವರಿಗೆ 1998ರಲ್ಲಿ ರೋಲೆಕ್ಸ್ ಪ್ರಶಸ್ತಿ ದೊರೆಯಿತು.

ಪಡಿತರದ ಸೀಮೆಎಣ್ಣೆಗೆ ಕಲಬೆರಕೆ ತಡೆಯಲು ನೀಲಿ ಬಣ್ಣ ಬೆರೆಸಲಾಗುತ್ತಿತ್ತು. ಸೀಮೆಎಣ್ಣೆಗೆ ಸ್ವಲ್ಪ ಪೆಟ್ರೋಲ್ ಸೇರಿದರೂ ಅದರ ಜ್ವಲನಬಿಂದು ಕೋಣೆಯ ಉಷ್ಣತೆಗಿಂತ ಕೆಳಗಿಳಿಯುತ್ತದೆ. ಉರಿಯುತ್ತಿರುವ ದೀಪಕ್ಕೆ ಎಣ್ಣೆ ಸುರಿಯಬಾರದೆಂಬ ಎಚ್ಚರಿಕೆ ಎಲ್ಲ ಇಂಧನಗಳಿಗೂ ಅನ್ವಯಿಸುತ್ತದೆ, ಸೀಮೆಎಣ್ಣೆಗಂತೂ ವಿನಾಯಿತಿಯೇ ಇಲ್ಲ.

ಭಾರತದ ಕಾನೂನು

ಭಾರತೀಯ ಮಾನಕ ಬ್ಯೂರೋ ಅಧಿನಿಯಮ, 2016ರ 16ನೆಯ ಕಲಮಿನಂತೆ ಕೇಂದ್ರ ಸರ್ಕಾರವು ಸಾರ್ವಜನಿಕ ಹಿತ, ಸುರಕ್ಷತೆ ಮೊದಲಾದ ಕಾರಣಗಳಿಗಾಗಿ ಯಾವುದೇ ವಸ್ತುವಿಗೆ ಮಾನಕ ಗುರುತನ್ನು ಕಡ್ಡಾಯಗೊಳಿಸಬಹುದು. ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಹೀಗೆ ಕಡ್ಡಾಯವಾಗಿದೆ. ಮೇಣಬತ್ತಿ ಸ್ಟ್ಯಾಂಡು ಈ ಪಟ್ಟಿಗೆ ಸೇರಿಲ್ಲ. ಗೊಂಬೆಯಾಕಾರದ ಆಟಿಕೆಗೆ ಗುರುತು ಬೇಕು, ಗೊಂಬೆಯಾಕಾರದ ದೀಪದ ಸ್ಟ್ಯಾಂಡಿಗೆ ಬೇಡ ಎಂಬುದು ವಿಚಿತ್ರವೇ ಸರಿ.

ಹಾಗೆಂದು ಗ್ರಾಹಕರಿಗೆ ರಕ್ಷಣೆಯೇ ಇಲ್ಲವೆಂದಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಆರನೆಯ ಅಧ್ಯಾಯವು (ಕಲಮು 82ರಿಂದ 87) ಉತ್ಪನ್ನ ಹೊಣೆಗಾರಿಕೆಯನ್ನು ನಿರೂಪಿಸುತ್ತದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಬಳಕೆಯ ಸೂಚನೆ ಅಥವಾ ಎಚ್ಚರಿಕೆಯ ಕೊರತೆ ಇವುಗಳಿಂದ ಹಾನಿಯಾದರೆ ತಯಾರಕನು ಪರಿಹಾರಕ್ಕೆ ಬಾಧ್ಯನು. ಕೆಲವು ಸಂದರ್ಭಗಳಲ್ಲಿ, ಉದಾಹರಣೆಗೆ ತಯಾರಕ ಯಾರೆಂದೇ ತಿಳಿಯದಿದ್ದಾಗ, ಮಾರಾಟಗಾರನೂ ಹೊಣೆಯಾಗುತ್ತಾನೆ. 87ನೆಯ ಕಲಮು ವಿನಾಯಿತಿಗಳನ್ನು ಹೇಳುತ್ತದೆ: ಗ್ರಾಹಕನು ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಹೊಣೆಗಾರಿಕೆಗೆ ಆಸ್ಪದವಿಲ್ಲ, ಎಲ್ಲರಿಗೂ ತಿಳಿದಿರುವ ಅಪಾಯದ ಬಗ್ಗೆ ಎಚ್ಚರಿಸದಿರುವುದು ತಯಾರಕನ ತಪ್ಪಲ್ಲ.

ಈ ಕೊನೆಯ ಮಾತು ದೀಪದ ವಿಷಯದಲ್ಲಿ ನಿರ್ಣಾಯಕ. ಜ್ವಾಲೆ ಸುಡುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಪರದೆಯ ಕೆಳಗೆ ದೀಪವಿಟ್ಟು ಬೆಂಕಿ ತಗಲಿದರೆ ತಯಾರಕನನ್ನು ದೂರಲಾಗದು. ಆದರೆ ಸ್ಟ್ಯಾಂಡಿನ ಮೇಲಿನ ಹೊಳಪಿನ ಲೇಪನ ಹೊತ್ತುತ್ತದೆ ಅಥವಾ ಅದರ ಗಾಜು ಕಾವು ತಾಳದು ಎಂಬುದು ಕೊಳ್ಳುವವನ ಕಣ್ಣಿಗೆ ಕಾಣುವಂಥದ್ದಲ್ಲ. ಇಂತಹ ಮರೆಯ ದೋಷವೇ ದೂರಿನ ಆಧಾರವಾಗಬಲ್ಲದು.

ದೂರನ್ನು ಘಟನೆಯ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಸಲ್ಲಿಸಬೇಕು. ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದಾದ್ದರಿಂದ ಸ್ಟ್ಯಾಂಡನ್ನು ದೂರದ ಊರಿನಿಂದ ಆನ್‌ಲೈನ್‌ನಲ್ಲಿ ತರಿಸಿದ್ದರೂ ಈ ತಾಲ್ಲೂಕುಗಳವರಿಗೆ ಬೆಳಗಾವಿಯ ಆಯೋಗವೇ ಸಾಕು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದಿದ್ದಾಗ ಆಯೋಗವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಸುಟ್ಟುಹೋದ ಸ್ಟ್ಯಾಂಡಿನ ಅವಶೇಷವನ್ನು ಅಶುಭವೆಂದು ಹೊರಗೆಸೆಯುವವರು ಹೆಚ್ಚು. ಎಸೆದರೆ ಮುಖ್ಯ ಸಾಕ್ಷ್ಯವೇ ಹೋದಂತೆ. ಅದನ್ನು ಬಿಲ್ಲು, ಪೆಟ್ಟಿಗೆ ಮತ್ತು ಫೋಟೋಗಳೊಂದಿಗೆ ಕಾದಿಡಬೇಕು. ಪ್ರಾಥಮಿಕ ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಒಂದೇ ಬಗೆಯ ವಸ್ತು ಅನೇಕರಿಗೆ ಅಪಾಯ ತಂದರೆ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸುವ ಅಧಿಕಾರ 2020ರಲ್ಲಿ ಸ್ಥಾಪನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

ಪೊಟ್ಟಣಗೊಂಡ ವಸ್ತುಗಳ ಮೇಲೆ ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ಬೆಲೆ ಮತ್ತು ದೂರು ಸಲ್ಲಿಸುವ ವಿವರ ಇರಬೇಕೆಂದು 2011ರ ಕಾನೂನುಮಾಪನ (ಪೊಟ್ಟಣ ಸರಕು) ನಿಯಮಗಳು ವಿಧಿಸುತ್ತವೆ. ಇವು ಬೆಂಕಿಯ ನಿಯಮಗಳಲ್ಲ, ಆದರೆ ಹೊಣೆಗಾರನ ವಿಳಾಸ ತಿಳಿಯುವುದು ಇವುಗಳಿಂದಲೇ. ಇನ್ನು ಬೆಂಕಿಯನ್ನು ನಿರ್ಲಕ್ಷ್ಯದಿಂದ ಬಳಸಿ ಇತರರ ಜೀವಕ್ಕೆ ಅಪಾಯ ತರುವುದು ಭಾರತೀಯ ನ್ಯಾಯ ಸಂಹಿತೆಯ 287ನೆಯ ಕಲಮಿನಂತೆ ಅಪರಾಧ.

ಹೊರದೇಶಗಳ ಮಾನದಂಡಗಳು

ಅಮೆರಿಕದಲ್ಲಿ ಎಎಸ್‌ಟಿಎಂ ಸಂಸ್ಥೆಯು ಮೇಣಬತ್ತಿಯ ಬೆಂಕಿ ಸುರಕ್ಷತೆಗೆ ಎಫ್ 2417, ಸ್ಟ್ಯಾಂಡು ಮುಂತಾದ ಉಪಕರಣಗಳಿಗೆ ಎಫ್ 2601, ಗಾಜಿನ ಪಾತ್ರೆಗೆ ಎಫ್ 2179, ಎಚ್ಚರಿಕೆಯ ಚೀಟಿಗೆ ಎಫ್ 2058 ಎಂಬ ಮಾನದಂಡಗಳನ್ನು ಪ್ರಕಟಿಸಿದೆ. ಸ್ಥಿರತೆಯನ್ನು 10 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ನಿಲ್ಲಿಸಿ ಪರೀಕ್ಷಿಸುವುದು ಇಂತಹ ವಿಧಾನಗಳಲ್ಲಿ ಒಂದು. ಇವು ಕಡ್ಡಾಯವಲ್ಲದಿದ್ದರೂ ದೊಡ್ಡ ಅಂಗಡಿಗಳು ಇವನ್ನು ಪಾಲಿಸದ ಸರಕನ್ನು ಸಾಮಾನ್ಯವಾಗಿ ಕೊಳ್ಳುವುದಿಲ್ಲ. ಮೊರಾದಾಬಾದಿನಂತಹ ಭಾರತೀಯ ಲೋಹಕೆಲಸದ ಕೇಂದ್ರಗಳಿಂದ ರಫ್ತಾಗುವ ಸ್ಟ್ಯಾಂಡುಗಳಿಗೂ ಈ ಒತ್ತಡ ತಟ್ಟುತ್ತದೆ. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಅಪಾಯಕರ ಸ್ಟ್ಯಾಂಡುಗಳನ್ನು ಹಿಂದಕ್ಕೆ ಕರೆಸುವ ಪ್ರಕಟಣೆಗಳನ್ನು ಹೊರಡಿಸುತ್ತದೆ. ಲೇಪನಕ್ಕೆ ಬೆಂಕಿ ಹತ್ತುವುದು ಮತ್ತು ಗಾಜು ಒಡೆಯುವುದು ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣಗಳು.

ಯುರೋಪಿನಲ್ಲಿ ಇಎನ್ 15493 ಮೇಣಬತ್ತಿಯ ಬೆಂಕಿ ಸುರಕ್ಷತೆಯನ್ನೂ ಇಎನ್ 15494 ಚಿತ್ರಸಂಕೇತಗಳ ಚೀಟಿಯನ್ನೂ ಕುರಿತವು. 2024ರ ಡಿಸೆಂಬರ್ 13ರಿಂದ ಅನ್ವಯವಾಗುತ್ತಿರುವ ಐರೋಪ್ಯ ಒಕ್ಕೂಟದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮಾವಳಿಯು ತಿಂಡಿಯಂತೆ ಕಂಡು ಮಕ್ಕಳನ್ನು ಮೋಸಗೊಳಿಸುವ ವಸ್ತುಗಳನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಲಾಡು, ಪೇಢೆಗಳ ಆಕಾರದ ಮೇಣಬತ್ತಿಗಳು ನಮ್ಮ ಮಾರುಕಟ್ಟೆಯಲ್ಲಿಯೂ ಬರುತ್ತಿವೆ.

ಆಯ್ಕೆ ಮತ್ತು ಬಳಕೆ

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಸರಳ. ಸ್ಟ್ಯಾಂಡನ್ನು ಸಮತಟ್ಟಾದ ಕಡೆ ಇಟ್ಟು ಮೇಲ್ತುದಿಯನ್ನು ಬೆರಳಿನಿಂದ ಮೆಲ್ಲನೆ ನೂಕಿದಾಗ ಅದು ಓಲಾಡಿ ಮರಳಿ ನಿಲ್ಲಬೇಕು. ಬತ್ತಿ ಕೂರುವ ಜಾಗ ಲೋಹ, ಕಲ್ಲು, ಪಿಂಗಾಣಿ ಅಥವಾ ಬರಿಮಣ್ಣಿನದಾಗಿರಬೇಕು. ಕರಗಿದ ಮೇಣ ನಿಲ್ಲಲು ಅಂಚುಳ್ಳ ತಟ್ಟೆ ಇರಬೇಕು. ಜ್ವಾಲೆಯ ಮೇಲ್ಗಡೆ ಯಾವ ಅಲಂಕಾರವೂ ಬಾಗಿರಬಾರದು.

ಮನೆಯಲ್ಲಿ ಜ್ವಾಲೆಗೂ ಉರಿಯುವ ವಸ್ತುವಿಗೂ ಕನಿಷ್ಠ 30 ಸೆಂಟಿಮೀಟರ್ ಅಂತರವಿರಬೇಕೆಂಬುದು ಅಗ್ನಿಸುರಕ್ಷತಾ ಸಂಸ್ಥೆಗಳ ಸಾಮಾನ್ಯ ಸಲಹೆ. ಸಾಲಾಗಿಟ್ಟ ಮೇಣಬತ್ತಿಗಳ ನಡುವೆ ಸುಮಾರು 10 ಸೆಂಟಿಮೀಟರ್ ಬಿಡುವುದು ಒಳ್ಳೆಯದು. ಬತ್ತಿ ಉದ್ದವಾದಷ್ಟೂ ಜ್ವಾಲೆ ಎತ್ತರ, ಹೊಗೆ ಹೆಚ್ಚು, ಆಗಾಗ ಕತ್ತರಿಸಬೇಕು. ಮಂಟಪದೊಳಗೆ ಬ್ಯಾಟರಿಯ ಎಲ್‌ಇಡಿ ದೀಪ ಇಡುವುದರಿಂದ ಬೆಂಕಿಯ ಭಯ ತಪ್ಪುತ್ತದಾದರೂ, ಅದರ ಗುಂಡಿಯಾಕಾರದ ಸಣ್ಣ ಸೆಲ್ಲನ್ನು ಮಗು ನುಂಗಿದರೆ ಅನ್ನನಾಳ ಸುಟ್ಟುಹೋಗುವ ಅಪಾಯವಿದೆ. ಸೆಲ್ಲಿನ ಮುಚ್ಚಳಕ್ಕೆ ತಿರುಪುಮೊಳೆ ಇರುವುದನ್ನೇ ಕೊಳ್ಳಬೇಕು.

ಬೆಂಕಿ ತಗಲಿದಾಗ

ಉರಿಯುತ್ತಿರುವ ಮೇಣ ಅಥವಾ ಎಣ್ಣೆಗೆ ನೀರು ಸುರಿಯಬಾರದು. ನೀರು ತಳಕ್ಕಿಳಿದು ಒಮ್ಮೆಲೇ ಹಬೆಯಾಗಿ ಉರಿಯುವ ದ್ರವವನ್ನು ಸಿಡಿಸುತ್ತದೆ. ಲೋಹದ ಮುಚ್ಚಳ ಅಥವಾ ತಟ್ಟೆ ಕವುಚಿದರೆ ಗಾಳಿಯಿಲ್ಲದೆ ಆರುತ್ತದೆ, ಮರಳೂ ಆದೀತು. ಹತ್ತಿಯ ರಾಶಿಗೆ, ಕಣಿಕೆಗೆ ತಗಲಿದ ಬೆಂಕಿಗೆ ನೀರೇ ಬೇಕು, ಮತ್ತು ಮೇಲೆ ಆರಿದ ನಂತರ ರಾಶಿಯನ್ನು ಬಿಡಿಸಿ ನೋಡಬೇಕು. ಉಟ್ಟ ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ನೆಲಕ್ಕೆ ಮಲಗಿ ಹೊರಳಬೇಕು, ಹತ್ತಿರವಿದ್ದವರು ದಪ್ಪ ಕಂಬಳಿ ಹೊದಿಸಬೇಕು.

ಸುಟ್ಟ ಭಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಹಲ್ಲಿನ ಪೇಸ್ಟು, ಶಾಯಿ, ಅರಿಶಿನ, ಬೆಣ್ಣೆ ಹಚ್ಚಬಾರದು. ಅಂಟಿಕೊಂಡ ಬಟ್ಟೆ ಅಥವಾ ಗಟ್ಟಿಯಾದ ಮೇಣವನ್ನು ಕೀಳಬಾರದು. ಬಳೆ, ಉಂಗುರಗಳನ್ನು ಬಾವು ಏರುವ ಮೊದಲೇ ತೆಗೆಯಬೇಕು. ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸ್‌ಗೆ 108, ಯಾವುದೇ ತುರ್ತಿಗೆ 112 ಕರೆಸಂಖ್ಯೆಗಳು. ಹಳ್ಳಿಯಿಂದ ಕರೆ ಮಾಡುವವರು ಊರಿನ ಹೆಸರಿನ ಜೊತೆಗೆ ತಾಲ್ಲೂಕಿನ ಹೆಸರನ್ನೂ ಹತ್ತಿರದ ಗುಡಿ ಅಥವಾ ಶಾಲೆಯಂತಹ ಗುರುತನ್ನೂ ಹೇಳಿದರೆ ವಾಹನ ದಾರಿ ತಪ್ಪುವುದಿಲ್ಲ.